ಹಳ್ಳದ ನೀರು, ಒಂಬತ್ತು ಸಹಿ, ಹನ್ನೊಂದು ಮನೆ

ಮೂಡಿಗೆರೆ ತಾಲೂಕಲ್ಲಿ ನಮ್ಮೂರ ಹಳ್ಳ ಒಂದಿದೆ, ಮೇಲೆ ಕಾಡಿಂದ ಇಳಿದು ಸುಮಾರು ನಾಲ್ಕು ಕಿಲೋಮೀಟರ್ ಹರಿದು ಇನ್ನೊಂದು ದೊಡ್ಡ ಹಳ್ಳಕ್ಕೆ ಸೇರತ್ತೆ, ಅದು ಹೇಮಾವತಿಗೆ ಹೋಗತ್ತೆ. ಊರಿನ ಹೆಸರು, ಜನರ ಹೆಸರು ಬರೆಯಲ್ಲ, ಎಲ್ಲರೂ ದಿನಾ ಮುಖ ನೋಡಿಕೊಂಡು ಬದುಕೋರು. ನಾನು ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡ್ತೀನಿ, ಮನೇಲಿ ನಾಲ್ಕು ಎಕರೆ ರೊಬಸ್ಟಾ ಕಾಫಿ ಇದೆ, ಹಳ್ಳದ ಮೇಲಿಂದ ಲೆಕ್ಕ ಹಾಕಿದ್ರೆ ಆರನೇ ತೋಟ ನಮ್ಮದು. ಜನ ತಮ್ಮತಮ್ಮಲ್ಲೇ ಒಪ್ಪಿ ಸರ್ಕಾರ, ನಿಯಮ ಮಾಡ್ಕೊಂಡ್ರು ಅನ್ನೋ ಸಾಮಾಜಿಕ ಒಪ್ಪಂದದ ಪಾಠಾನ ಎಷ್ಟೋ ವರ್ಷದಿಂದ ಮಾಡ್ಕೊಂಡು ಬಂದಿದೀನಿ, ಆದರೆ ಅದು ನನಗೆ ನಿಜವಾಗಿ ಅರ್ಥ ಆಗಿದ್ದು 2024ರ ಬೇಸಿಗೇಲಿ ಈ ಹಳ್ಳದ ದಂಡೇಲಿ.

ಕಾಫಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ರೊಬಸ್ಟಾ ಗಿಡದಲ್ಲಿ ಮೊಗ್ಗು ಕೂತು ನೀರಿಗೆ ಕಾಯ್ತಿರತ್ತೆ, ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ರೆ ವಾರ ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗತ್ತೆ. ಅದಕ್ಕೇ ಹೂಮಳೆ ಅನ್ನೋದು. ಮಳೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹೊಡೀಬೇಕು, ಆಮೇಲೆ ಹದಿನೈದು ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್ ಅಂತ ಇನ್ನೊಂದು ಸಲ ನೀರು ಕೊಡ್ಬೇಕು, ಇಲ್ಲಾಂದ್ರೆ ಮುಂದಿನ ವರ್ಷದ ಫಸಲು ಮೊಗ್ಗಲ್ಲೇ ಹೋಯ್ತು. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಒಂದು ಲಕ್ಷ ಲೀಟರಿಗೂ ಜಾಸ್ತಿ. ಒಂದೂವರೆ ಇಂಚಿನ ಲೆಕ್ಕ ಹಿಡಿದ್ರೆ ಹತ್ತು ಎಕರೆಗೆ ಹತ್ತಿರ ಹತ್ತಿರ 15 ಲಕ್ಷ ಲೀಟರ್. ಇಷ್ಟೂ ನೀರು ಬರ್ಬೇಕಾಗಿದ್ದು ಮಾರ್ಚ್ ತಿಂಗಳ ಒಂದು ಸಣ್ಣ ಹಳ್ಳದಿಂದ.

2023ರ ಮುಂಗಾರು ಕೈಕೊಟ್ಟಿತ್ತು. ಅದರ ಮೇಲೆ ರೊಬಸ್ಟಾ ರೇಟು ನಾವ್ಯಾರೂ ನೋಡದ ಮಟ್ಟಕ್ಕೆ ಏರ್ತಾ ಇತ್ತು. ಹಳ್ಳದುದ್ದಕ್ಕೂ ಒಂಬತ್ತು ತೋಟ, ಒಂಬತ್ತು ಮೋಟಾರು. ಮೊದಮೊದಲು ಹಗಲು ಹೊಡೀತಿದ್ರು, ಆಮೇಲೆ ಒಬ್ಬರು ರಾತ್ರಿ ಹನ್ನೊಂದಕ್ಕೆ ಶುರು ಮಾಡಿದ್ರು, ಕೆಳಗಿನವರು ಅದನ್ನ ನೋಡಿ ಬೆಳಗಿನ ಜಾವ ಎರಡು ಗಂಟೆಗೆ, ಇನ್ನೊಬ್ಬರು ಡೀಸೆಲ್ ಇಂಜಿನ್ ತಂದು ಕರೆಂಟಿನ ಗೊಡವೆನೇ ಬೇಡ ಅಂತ ಇಪ್ಪತ್ನಾಲ್ಕು ಗಂಟೆ. ಮರಳು ಚೀಲ ಪೇರಿಸಿ ಎಲ್ಲರೂ ಅವರವರ ತೋಟದ ಬುಡಕ್ಕೆ ಕಟ್ಟ ಹಾಕಿದ್ರು. ಫೆಬ್ರವರಿ ಕೊನೇ ವಾರಕ್ಕೆ ಹಳ್ಳ ಹರಿಯೋದು ನಿಂತು ಅಲ್ಲಲ್ಲಿ ಗುಂಡಿ ಆಗಿ ಉಳೀತು. ಒಂದು ರಾತ್ರಿ ಯಾರೋ ಇನ್ಯಾರದ್ದೋ ಪೈಪು ಕೊಯ್ದು ಹಾಕಿದ್ರು, ಬೆಳಗ್ಗೆ ಕತ್ತಿ ಹಿಡ್ಕೊಂಡು ಎರಡು ಮನೆಯವರು ಎದುರಾಬದುರು ನಿಂತಿದ್ದನ್ನ ನಾನೇ ಕಂಡೆ. ಇಬ್ಬರೂ ನನ್ನ ಜೊತೆ ಸ್ಕೂಲಿಗೆ ಬಂದೋರು.

ಇಲ್ಲಿ ತತ್ವಜ್ಞಾನಿ ಥಾಮಸ್ ಹಾಬ್ಸ್ ಹೇಳಿದ್ದು ಎಷ್ಟು ಸರಿ ಅಂತ ನನಗೆ ಗೊತ್ತಾಗಿದ್ದು. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದು ರಾಜನ ತಲೆ ಹೋದ ಕಾಲದಲ್ಲಿ, 1651ರಲ್ಲಿ ಅವನು ಲೆವಿಯಾಥನ್ ಅನ್ನೋ ಪುಸ್ತಕ ಬರೆದದ್ದು. ಸರ್ಕಾರ ಕಾನೂನು ಏನೂ ಇಲ್ಲದ ಸ್ಥಿತೀಲಿ ಬದುಕು ಒಂಟಿ, ಬಡ, ಕ್ರೂರ, ಅಲ್ಪಾಯುಷ್ಯದ್ದು ಆಗಿರತ್ತೆ ಅನ್ನೋ ಮಾತನ್ನ ಎಲ್ಲಾ ಮಕ್ಕಳೂ ಪರೀಕ್ಷೆಗೆ ಬರೀತಾರೆ, ಮನುಷ್ಯ ಸ್ವಾರ್ಥಿ ಅಂತ ಹಾಬ್ಸ್ ಹೇಳ್ದ ಅಂತ ಮುಗಿಸ್ತಾರೆ. ಆದ್ರೆ ಜಗಳಕ್ಕೆ ಅವನು ಕೊಡೋ ಕಾರಣ ಮೂರು, ಪೈಪೋಟಿ, ಅಪನಂಬಿಕೆ, ಪ್ರತಿಷ್ಠೆ. ನಮ್ಮ ಹಳ್ಳದಲ್ಲಿ ಕೆಲಸ ಮಾಡಿದ್ದು ನಡುವಿನದ್ದು. ರಾತ್ರಿ ಎರಡಕ್ಕೆ ಎದ್ದು ಮೋಟಾರು ಹಾಕಿದವರು ಯಾರೂ ಕೆಟ್ಟವರಲ್ಲ, ಮೇಲಿನವರು ಮೊದಲೇ ಎಳ್ಕೊಂಡ್ರೆ ನಮ್ಮ ಕಥೆ ಏನು ಅನ್ನೋ ಭಯ ಅಷ್ಟೆ, ಆ ಭಯ ಮೇಲಿನವರಿಗೂ ಇತ್ತು, ಕಾಯೋಣ ಅಂತ ಕೂತವನಿಗೆ ನೀರಿಲ್ಲ ಅಂತ ಆದಮೇಲೆ ಕಾಯೋದು ಮೂರ್ಖತನ ಆಗಿಬಿಡತ್ತೆ. ಆ ಸ್ಥಿತೀಲಿ ಎಲ್ಲರಿಗೂ ಎಲ್ಲದರ ಮೇಲೂ ಹಕ್ಕಿದೆ ಅಂತಾನೆ ಹಾಬ್ಸ್, ಅದಕ್ಕೇ ಯಾರಿಗೂ ಏನೂ ದಕ್ಕಲ್ಲ. ನಮ್ಮ ಕಡೆ ಇದಕ್ಕೆ ಮತ್ಸ್ಯನ್ಯಾಯ ಅನ್ನೋ ಹಳೇ ಹೆಸರಿದೆ, ದೊಡ್ಡ ಮೀನು ಚಿಕ್ಕ ಮೀನನ್ನ ನುಂಗೋದು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಜನ ಅದರಿಂದ ಬೇಸತ್ತು ಮನುವನ್ನ ರಾಜ ಮಾಡ್ಕೊಂಡು ಬೆಳೇಲಿ ಆರರಲ್ಲಿ ಒಂದು ಪಾಲು ಕೊಡೋಕೆ ಒಪ್ಪಿದ್ರು ಅಂತ ಬರತ್ತೆ. ಬೌದ್ಧರ ಅಗ್ಗಞ್ಞ ಸುತ್ತ ಅನ್ನೋ ಹಳೇ ಗ್ರಂಥದಲ್ಲೂ ಹಂಗೇ, ಜನ ಅಕ್ಕಿ ಕೂಡಿಡೋಕೆ ಶುರು ಮಾಡಿ, ಗದ್ದೆಗೆ ಬದು ಹಾಕಿ, ಒಬ್ಬ ಇನ್ನೊಬ್ಬನ ಪಾಲು ಕದ್ದ ಮೇಲೆ ಎಲ್ಲರೂ ಸೇರಿ ಮಹಾಸಮ್ಮತ ಅನ್ನೋನನ್ನ ಆರಿಸ್ಕೊಳ್ತಾರೆ. ಒಪ್ಪಂದದ ಯೋಚನೆ ಹಡಗಲ್ಲಿ ಬಂದಿದ್ದು ಅಂತ ಅನ್ಕೊಂಡಿರೋ ಮಕ್ಕಳಿಗೆ ನಾನು ಇದನ್ನ ತಪ್ಪದೆ ಹೇಳ್ತೀನಿ.

ಕತ್ತಿ ಆಚೆ ಬಂದ ಎರಡು ದಿನಕ್ಕೆ ದೇವಸ್ಥಾನದ ಜಗಲೀಲಿ ಮೀಟಿಂಗ್ ಆಯ್ತು. ಒಂಬತ್ತು ತೋಟದವರೂ ಬಂದ್ರು. ದೊಡ್ಡ ತೋಟದ ಗೌಡ್ರು ವಯಸ್ಸಲ್ಲಿ ಹಿರಿಯರು, ಅವರೇ ಮಾತು ಶುರು ಮಾಡಿದ್ರು. ಒಬ್ಬೊಬ್ಬರಿಗೆ ಎರಡೆರಡು ದಿನದ ಪಾಳಿ, ಮೇಲಿಂದ ಕೆಳಕ್ಕೆ, ಒಬ್ಬರ ಪಾಳೀಲಿ ಬೇರೆ ಮೋಟಾರು ಹಾಕೋ ಹಂಗಿಲ್ಲ, ತಪ್ಪಿದವರಿಗೆ ಮುಂದಿನ ಪಾಳಿ ಇಲ್ಲ. ನನಗೆ ಬರೆಯೋಕೆ ಬರತ್ತೆ ಅಂತ ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ರು. ಬರೆದೆ. ಒಂಬತ್ತೂ ಸಹಿ ಬಿತ್ತು. ಆವತ್ತು ರಾತ್ರಿ ನಾನು ಬಹಳ ಖುಷಿಯಾಗಿದ್ದೆ, ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆಯೋದು ಕಣ್ಣೆದುರಿಗೆ ನಡೀತಲ್ಲ ಅಂತ.

ಹನ್ನೊಂದು ದಿನ ನಡೀತು. ಹನ್ನೆರಡನೇ ದಿನ ಬೆಳಗ್ಗೆ ನಮ್ಮ ಪಾಳಿ, ಎದ್ದು ನೋಡಿದ್ರೆ ನಮ್ಮ ಕಟ್ಟ ಒಡೆದು ಹೋಗಿತ್ತು. ಮರಳು ಚೀಲ ಎಲ್ಲಾ ಪಕ್ಕಕ್ಕೆ ನೀಟಾಗಿ ಜೋಡಿಸಿಟ್ಟಿದ್ರು, ಒಂದು ಚೀಲಾನೂ ಹರಿದಿರಲಿಲ್ಲ. ಕೆಳಗಿನ ಲೈನ್ ಮನೆಯ ಹೆಂಗಸರು ರಾತ್ರಿ ಬಂದು ಬಿಚ್ಚಿದ್ದು.

ಲೈನ್ ಅಂದ್ರೆ ಮೂರನೇ ತೋಟದ ಕೂಲಿ ಲೈನು, ಜಾಗ ಸಿಕ್ಕಿದ ಕಡೆ ಕಟ್ಟಿದ್ದು, ಹಳ್ಳದಲ್ಲಿ ನೋಡಿದ್ರೆ ಏಳನೇ ಎಂಟನೇ ತೋಟದ ನಡುವೆ ಬರತ್ತೆ. ಹನ್ನೊಂದು ಮನೆ. ಬೇಸಿಗೇಲಿ ಅವರಿಗೆ ಕುಡಿಯೋಕೆ ಅಡಿಗೆಗೆ ಹಳ್ಳದ ದಂಡೇಲಿ ತೋಡ್ಕೊಂಡಿರೋ ಒರತೆ ಗುಂಡೀನೇ ಗತಿ, ಹಳ್ಳ ಹರೀತಾ ಇದ್ರೆ ಅದಕ್ಕೆ ಒರತೆ ಬರತ್ತೆ. ನಾವು ಬರೆದ ಒಪ್ಪಂದದ ಪ್ರಕಾರ ಪಾಳಿ ಇದ್ದವರು ಕಟ್ಟ ಹಾಕಿ ಅಷ್ಟೂ ನೀರು ನಿಲ್ಲಿಸ್ಬಹುದು. ಮೇಲಿನವರ ಪಾಳೀಲಿ ದಾರೀಲಿ ಅಲ್ಲಲ್ಲಿ ಹುಟ್ಟೋ ಸಣ್ಣ ನೀರು ಕೆಳಗೆ ಬರ್ತಿತ್ತು, ಪಾಳಿ ಕೆಳಗಿಳಿದು ನಮ್ಮ ಹತ್ರ ಬರ್ತಿದ್ದಂಗೆ ಅದೂ ನಿಂತು ಒರತೆ ಪೂರ್ತಿ ಒಣಗ್ತು. ಅಷ್ಟೂ ಕಾನೂನುಬದ್ಧವಾಗಿ. ನನ್ನ ಕೈಬರಹದಲ್ಲಿ.

ಬೆಳಗ್ಗೆ ಏಳಕ್ಕೆಲ್ಲ ಜನ ಸೇರಿದ್ರು, "ಒಪ್ಪಂದ ಮುರಿದ್ರು" ಅಂತ ಗಲಾಟೆ. ನಾನೂ ಮೊದಲು ಹಂಗೇ ಅಂದೆ. ಆಗ ಲೈನಿನ ಒಬ್ಬ ಅಕ್ಕ, ನಮ್ಮ ತೋಟಕ್ಕೂ ಹಣ್ಣು ಕುಯ್ಯೋಕೆ ಬರೋರು, ಬಿಂದಿಗೆ ಕೆಳಗಿಡದೆ ಕೇಳಿದ್ರು, "ನಾವೆಲ್ಲಿ ಒಪ್ಪಿದ್ವಿ ಸಾರ್? ನಮ್ಮನ್ನ ಯಾರು ಕರೆದ್ರು?"

ಅದಕ್ಕೆ ಯಾರ ಹತ್ರನೂ ಉತ್ತರ ಇರ್ಲಿಲ್ಲ. ನಾವು ಒಂಬತ್ತು ಜನ ಮೀಟಿಂಗ್ ಮಾಡಿದ್ದು ಹಳ್ಳಕ್ಕೆ ಯಾರ್ಯಾರದ್ದು ಮೋಟಾರು ಇದೆ ಅಂತ ಲೆಕ್ಕ ಹಾಕಿ, ಹಳ್ಳದ ನೀರು ಯಾರ್ಯಾರು ಕುಡೀತಾರೆ ಅಂತ ಲೆಕ್ಕ ಹಾಕಿರಲಿಲ್ಲ. ಈ ಪ್ರಕರಣದ ಗಂಟು ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್‌ನ ತಗೊಳ್ಳಿ. ನೈಸರ್ಗಿಕ ಹಕ್ಕು ಅಂದ ತಕ್ಷಣ ಬರೋ ಹೆಸರು ಅವನದು, ಜೀವ, ಸ್ವಾತಂತ್ರ್ಯ, ಆಸ್ತಿ, ಇವು ಸರ್ಕಾರ ಕೊಟ್ಟಿದ್ದಲ್ಲ, ಸರ್ಕಾರಕ್ಕಿಂತ ಮೊದಲೇ ಇದ್ವು, ಇವನ್ನ ಕಾಯೋಕೇ ಸರ್ಕಾರ ಮಾಡ್ಕೊಂಡಿದ್ದು. 1689ರಲ್ಲಿ ಪ್ರಕಟ ಆದ, ಸರ್ಕಾರದ ಬಗ್ಗೆ ಬರೆದ ಅವನ ಎರಡನೇ ಪ್ರಬಂಧದಲ್ಲಿ ಆಸ್ತಿಯ ಬಗ್ಗೆ ಒಂದು ಉದಾಹರಣೆ ನೀರಿಂದೇ ಇದೆ, ಚಿಲುಮೇಲಿ ಹರಿಯೋ ನೀರು ಎಲ್ಲರದ್ದು, ಹೂಜಿಯಲ್ಲಿ ಇರೋದು ಮಾತ್ರ ತುಂಬ್ಕೊಂಡವನದ್ದು ಅಂತ. ದುಡಿಮೆ ಬೆರೆಸಿದವನಿಗೆ ಅದು ಸೇರತ್ತೆ, ಆದ್ರೆ ಬೇರೆಯವರಿಗೂ ಸಾಕಷ್ಟು, ಅಷ್ಟೇ ಒಳ್ಳೇದು ಉಳಿದಿರ್ಬೇಕು, ಕೊಳೆತು ಹಾಳಾಗುವಷ್ಟು ಕೂಡಿಡಬಾರದು. ಇಲ್ಲಿವರೆಗೆ ಹನ್ನೊಂದು ಬಿಂದಿಗೆಗಳ ಪರವಾಗೇ ಇದೆ ಅನ್ಸತ್ತೆ. ಆದ್ರೆ ಒಂದೇ ಪ್ಯಾರಾ ಹಿಂದಕ್ಕೆ ಹೋದ್ರೆ ಅವನೇ ಹೇಳ್ತಾನೆ, ನನ್ನ ಕುದುರೆ ಮೇದ ಹುಲ್ಲು, ನನ್ನ ಆಳು ಕಿತ್ತ ಹೆಂಟೆ, ನಾನು ಅಗೆದ ಅದಿರು, ಮೂರೂ ನನ್ನ ಆಸ್ತಿ. ಆಳಿನ ದುಡಿಮೆ ಯಜಮಾನನ ಲೆಕ್ಕಕ್ಕೆ. ಈ ಸಾಲನ್ನ ನಾನು ಎಷ್ಟೋ ಸಲ ಓದಿದೀನಿ, ಏನೂ ಅನ್ಸಿರಲಿಲ್ಲ. ನಮ್ಮ ತೋಟಗಳಲ್ಲಿ ರಾತ್ರಿ ಚಳೀಲಿ ಒದ್ದೆ ಮೈಯಲ್ಲಿ ಪೈಪು ಬಿಚ್ಚಿ ಇನ್ನೊಂದು ಸಾಲಿಗೆ ಹೊತ್ಕೊಂಡು ಹೋಗಿ ಸ್ಪ್ರಿಂಕ್ಲರ್ ಜೆಟ್ ನಿಲ್ಸೋರು ಯಾರು? ಇದೇ ಲೈನಿನವರು. ಹಳ್ಳದ ನೀರಿಗೆ ದುಡಿಮೆ ಬೆರೆಸಿದವರು ಅವರು, ಬೆಳಗ್ಗೆ ಬಿಂದಿಗೆ ಖಾಲಿ ಅವರದ್ದು.

ಲಾಕ್‌ನ ಬರಹಕ್ಕೂ ಬದುಕಿಗೂ ಇದ್ದ ಅಂತರವನ್ನೂ ಇಲ್ಲಿ ಹೇಳ್ಲೇಬೇಕು. ಆಫ್ರಿಕಾದಿಂದ ಗುಲಾಮರನ್ನ ಸಾಗಿಸ್ತಿದ್ದ ಕಂಪನೀಲಿ ಅವನ ಷೇರಿತ್ತು, 1669ರ ಕೆರೊಲಿನಾ ವಸಾಹತಿನ ಸಂವಿಧಾನದ ಕರಡಿನ ಕೆಲಸದಲ್ಲಿ ಅವನ ಕೈಯಿತ್ತು, ಅದರಲ್ಲಿ ಒಡೆಯನಿಗೆ ಕಪ್ಪು ಗುಲಾಮನ ಮೇಲೆ ಪೂರ್ತಿ ಅಧಿಕಾರ ಅಂತ ಬರೆದಿತ್ತು. ಹಂಗಂತ ಲಾಕ್‌ನ ಎತ್ತಿ ಬಿಸಾಡಿ ಅಂತ ನಾನು ಹೇಳ್ತಿಲ್ಲ. ಎಲ್ಲರೂ ಹುಟ್ಟಿನಿಂದ ಸಮಾನರು ಅಂತ ಬರೆದವರೇ ಎಲ್ಲರೂ ಅನ್ನೋ ಲೆಕ್ಕದಿಂದ ಯಾರನ್ನ ಬಿಟ್ಟಿದಾರೆ ಅಂತ ಪ್ರತಿ ಸಲ ನೋಡ್ಬೇಕು, ಯಾಕಂದ್ರೆ ಯಾವ ದ್ವೇಷನೂ ಇಲ್ಲದೆ ನಾನೇ ಬಿಟ್ಟಿದ್ದೆ.

ಮಾರನೇ ದಿನ ಮತ್ತೆ ಮೀಟಿಂಗ್, ಈ ಸಲ ಲೈನಿನಿಂದ ನಾಲ್ಕು ಜನ ಬಂದ್ರು. ಜಗಲಿ ಮೇಲೆ ಕೂರೋಕೆ ಹಿಂಜರಿದು ಅಂಗಳದಲ್ಲೇ ನಿಂತ್ರು, ಕೊನೆಗೆ ಎಲ್ಲರೂ ಎದ್ದು ಅಂಗಳಕ್ಕೇ ಹೋಗಿ ಕೂತ್ವಿ. ಒಬ್ಬರು ಹೇಳಿದ್ರು, ಅವರು ಇಷ್ಟು ವರ್ಷ ಇಲ್ಲೇ ಇದಾರಲ್ಲ, ಇಲ್ಲಿದ್ದ ಮೇಲೆ ಇಲ್ಲಿನ ನಿಯಮ ಒಪ್ಪಿದ ಹಂಗೇ. ಲಾಕ್ ಹೇಳೋ ಮೌನ ಸಮ್ಮತಿ ಇದೇ, ಒಂದು ದೇಶದ ರಸ್ತೇಲಿ ಓಡಾಡಿದ್ರೂ ಸಾಕು, ಅಲ್ಲಿನ ಕಾನೂನು ಒಪ್ಪಿದ ಹಾಗೆ ಅಂತ. 1748ರಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ಇದಕ್ಕೆ ಕೊಟ್ಟ ಉತ್ತರ ನನಗೆ ಆವತ್ತು ಬಾಯಿಗೆ ಬಂತು, ಹೇಳಿದೆ. ಬೇರೆ ಭಾಷೆ ಬರಲ್ಲ, ಬೇರೆ ಕಡೆಯ ರೀತಿ ನೀತಿ ಗೊತ್ತಿಲ್ಲ, ದಿನದ ಕೂಲೀಲಿ ದಿನ ತಳ್ಳೋ ಬಡವನಿಗೆ ಬಿಟ್ಟು ಹೋಗೋ ಸ್ವಾತಂತ್ರ್ಯ ಇದೆ ಅಂತ ಗಂಭೀರವಾಗಿ ಹೇಳೋಕಾಗತ್ತಾ? ನಿದ್ದೇಲಿರೋವಾಗ ಹಡಗಿಗೆ ಹೊತ್ತಾಕಿ, ಎಚ್ಚರ ಆದಮೇಲೆ, ಹಾರಿದ್ರೆ ಸಮುದ್ರ, ಇದ್ರೆ ಕ್ಯಾಪ್ಟನ್ ಮಾತು ಒಪ್ಪಿದ ಹಾಗೆ ಅಂದಂಗಾಯ್ತು. ಹ್ಯೂಮ್ ಹೆಸರು ಯಾರಿಗೂ ಬೇಕಾಗಿರ್ಲಿಲ್ಲ, ಹಡಗಿನ ಮಾತು ಮಾತ್ರ ಎಲ್ಲರಿಗೂ ತಟ್ಟಿತು.

ಆಮೇಲೆ ಮೂರನೇ ತೋಟದವರು, ಒಳ್ಳೆ ಮನಸ್ಸಿಂದಲೇ, "ಲೈನ್ ನಂದು, ದಿನಾ ಒಂದು ಟ್ಯಾಂಕರ್ ನೀರು ನಾನು ಕಳಿಸ್ತೀನಿ, ಇವರ ವಿಷಯ ಇಲ್ಲಿಗೆ ಬಿಡಿ" ಅಂದ್ರು. ಎಲ್ಲರೂ ಉಸ್ಸಪ್ಪ ಅಂದ್ರು. ಅದೇ ಅಕ್ಕ ಒಪ್ಪಲಿಲ್ಲ. "ಟ್ಯಾಂಕರ್ ನೀವು ಕಳಿಸಿದ್ರೆ ಬರತ್ತೆ ಅಣ್ಣ, ನಾವು ಒಂದಿನ ಕೂಲಿ ಜಾಸ್ತಿ ಕೇಳಿದ್ರೆ ಬರತ್ತಾ?"

ಹಕ್ಕಿಗೂ ದಾನಕ್ಕೂ ಇರೋ ವ್ಯತ್ಯಾಸವನ್ನ ನಾನು ಮುಕ್ಕಾಲು ಗಂಟೆ ಪಾಠ ಮಾಡ್ತೀನಿ, ಇದಕ್ಕಿಂತ ಚೆನ್ನಾಗಿ ಒಂದು ಸಲನೂ ಹೇಳಿಲ್ಲ. ತೋಟದ ಮಾಲೀಕರು ಕೆಲಸಗಾರರಿಗೆ ಸಾಕಷ್ಟು ಒಳ್ಳೆ ಕುಡಿಯೋ ನೀರು ಒದಗಿಸ್ಲೇಬೇಕು ಅಂತ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೇಲೇ ಬರೆದಿದ್ರು, ಅಂದ್ರೆ ಆ ಟ್ಯಾಂಕರ್ ಉಪಕಾರ ಅಂತ ಎಣಿಸೋ ಹಂಗೇ ಇರ್ಲಿಲ್ಲ. ಬದುಕೋ ಹಕ್ಕಿನೊಳಗೆ ಶುದ್ಧ ನೀರು ಗಾಳಿನೂ ಸೇರತ್ತೆ ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಸಂವಿಧಾನದ 21ನೇ ವಿಧಿ ಇಟ್ಕೊಂಡು ಹೇಳಿದೆ. ಇನ್ನೊಂದು ಕಡೆ 1882ರ ಈಸ್‌ಮೆಂಟ್ ಕಾಯ್ದೇಲಿ, ಅಂದ್ರೆ ಜಮೀನಿನ ಜೊತೆ ಬರೋ ಹಕ್ಕುಗಳ ಕಾಯ್ದೇಲಿ, ಹಳ್ಳದ ದಂಡೆ ಜಮೀನಿನವರಿಗೆ ಕುಡಿಯೋಕೆ, ಮನೆ ಬಳಕೆಗೆ, ದನಕ್ಕೆ ನೀರು ತಗೊಳ್ಳೋ ಹಕ್ಕಿದೆ ಅನ್ನೋ ಉದಾಹರಣೆ ಇದೆ, ನೀರಾವರಿಗೆ ಮಾತ್ರ ಅಂಥದೇ ಬೇರೆ ಮಾಲೀಕರಿಗೆ ಗಣನೀಯ ತೊಂದರೆ ಆಗಬಾರದು ಅನ್ನೋ ಷರತ್ತು. ಕುಡಿಯೋ ನೀರು ಮೊದಲು ಅನ್ನೋ ಕ್ರಮ ಅದರಲ್ಲೂ ಕಾಣತ್ತೆ, ಆದ್ರೆ ಅಲ್ಲಿ ಹಕ್ಕು ಜಮೀನಿನ ಮಾಲೀಕನಿಗೆ. ದಂಡೆ ಮೇಲೆ ವಾಸ ಇದ್ದು ದಂಡೆಯ ಒಂದು ಗುಂಟೆಯೂ ಇಲ್ಲದವರು ಆ ಸಾಲಲ್ಲಿ ಇಲ್ಲ. ಭೂಮಿ ಹಿಡ್ಕೊಂಡು ಬರೋ ಹಕ್ಕಿಗೂ ಮನುಷ್ಯ ಅನ್ನೋ ಕಾರಣಕ್ಕೇ ಬರೋ ಹಕ್ಕಿಗೂ ನಡುವಿನ ಕಂದಕ ಅದು.

ನೀರಿನ ವಿಷಯಕ್ಕೆ ಆ ಕಂದಕ ದಾಟಿಸಿದ ಘಟನೆ ನನ್ನ ಪ್ರಕಾರ 1927ರ ಮಾರ್ಚ್ 20ರದ್ದು, ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ನಡೆದು ನೀರು ಕುಡಿದದ್ದು. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಮೊದಲೇ ಕಾಗದದಲ್ಲಿ ಬರೆದಾಗಿತ್ತು, ಆದ್ರೂ ದಲಿತರು ಮುಟ್ಟೋ ಹಂಗಿರಲಿಲ್ಲ, ಕುಡಿದು ಬಂದವರಿಗೆ ಹೊಡೆತ ಬಿತ್ತು. ಅದೇ ವರ್ಷ ಡಿಸೆಂಬರಿನ ಎರಡನೇ ಸಮಾವೇಶದಲ್ಲಿ ಅವರು ಆ ಸಭೆಯನ್ನ 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದ್ರು, ಮನುಷ್ಯನ ಹಕ್ಕುಗಳ ಘೋಷಣೆ ಹೊರಡಿಸಿದ ಸಭೆ ಅದು. ಕೆರೆ ನೀರಿಂದ ಫ್ರಾನ್ಸಿಗೆ ಹೋಗಿದ್ದು ಅಲಂಕಾರಕ್ಕಲ್ಲ. ಕೋರ್ಟಲ್ಲಿ ಆ ಕೆರೆಯ ಕೇಸು ಗೆದ್ದು ಮುಗಿಯೋವಾಗ 1937 ಆಗಿತ್ತು.

ನಮ್ಮ ಅಂಗಳದಲ್ಲಿ ಮಾತು ಮಧ್ಯಾಹ್ನ ದಾಟಿತು. ಲೈನಿನವರಿಗೂ ಒಂದು ಪಾಳಿ ಕೊಡೋಣ, ಹತ್ತನೇ ಪಾಳಿ, ಅಂತ ಒಂದು ಸಲಹೆ ಬಂತು, ನ್ಯಾಯವಾಗಿ ಕೇಳತ್ತೆ, ನಾನು ಬಲವಾಗಿ ಬೇಡ ಅಂದೆ. ಹತ್ತು ಪಾಲಲ್ಲಿ ಒಂದು ಪಾಲು ಅಂದ್ರೆ ಮುಂದೆ ಬರ ಬಂದಾಗ ಪಾಲನ್ನ ಕಡಿಮೆ ಮಾಡ್ಬಹುದು, ಓಟು ಹಾಕಿ ತೆಗೀಬಹುದು, ಹತ್ತರಲ್ಲಿ ಒಂಬತ್ತು ಯಾವಾಗ್ಲೂ ನಾವೇ. ಕುಡಿಯೋ ನೀರು ನಾವು ಕೂತು ಹಂಚ್ಕೊಳ್ಳೋ ಪಟ್ಟಿಗೇ ಬರಬಾರದು, ಅದನ್ನ ಬಿಟ್ಟು ಉಳಿದದ್ದು ಎಷ್ಟೋ ಅಷ್ಟೇ ನಾವು ಹಂಚೋ ನೀರು. ಹಿಂಗಂದಾಗ ಏಳನೇ ತೋಟದವರು ಒಂದು ಪೈಪಿನ ಉಪಾಯ ಹೇಳಿದ್ರು, ಯಾರೇ ಕಟ್ಟ ಹಾಕ್ಲಿ, ಚೀಲದ ಅಡೀಲಿ ಹಳ್ಳದ ತಳಕ್ಕೆ ಎರಡಿಂಚಿನ ಪೈಪು ಇಟ್ಟೇ ಹಾಕ್ಬೇಕು, ವಾಲ್ವ್ ಇರಬಾರದು, ಅಷ್ಟು ನೀರು ಹಗಲೂ ರಾತ್ರಿ ಹರೀತಿರ್ಬೇಕು. ಪುಸ್ತಕದಲ್ಲಿ ಮೊದಲ ಸಾಲಾಗಿ ಅದನ್ನ ಬರೆದು, ಇದನ್ನ ಯಾವ ಮೀಟಿಂಗಲ್ಲೂ ಬದಲಾಯ್ಸೋ ಹಂಗಿಲ್ಲ ಅಂತ ಸೇರಿಸಿದ್ವಿ. ಸಂವಿಧಾನದ ಮೂಲ ಸ್ವರೂಪ ಸಂಸತ್ತಿನ ತಿದ್ದುಪಡಿಗೂ ಸಿಗಲ್ಲ ಅಂತ 1973ರ ಕೇಶವಾನಂದ ಭಾರತಿ ತೀರ್ಪಲ್ಲಿ ಬಂದ ಯೋಚನೇನೇ ನನ್ನ ತಲೇಲಿ ಇದ್ದದ್ದು.

ಪಾಳಿ ವಿಷಯನೂ ಬದಲಾಯ್ತು. ಮೇಲಿಂದ ಕೆಳಕ್ಕೆ ಬಂದ್ರೆ ಕೊನೆಯವರಿಗೆ ಹದಿನೇಳನೇ ದಿನ ನೀರು, ಅಷ್ಟೊತ್ತಿಗೆ ಮೊಗ್ಗು ಬಾಡಿರತ್ತೆ. ಒಂಬತ್ತನೇ ತೋಟದ ಅಜ್ಜಿ ಹೇಳಿದ್ರು, ಪಾಳಿ ಎಷ್ಟು ದಿನ, ಎಷ್ಟು ಗಂಟೆ ಅಂತ ಮೊದಲು ಬರೀರಿ, ಯಾರಿಗೆ ಯಾವುದು ಅಂತ ಆಮೇಲೆ ಚೀಟಿ ಎತ್ತಿ. ಯಾವ ಚೀಟಿ ಬರತ್ತೋ ಗೊತ್ತಿಲ್ಲದ ಕಾರಣ ಮೊದಲ ಪಾಳಿಗೆ ಎರಡು ದಿನ ಕೊನೆಗೂ ಎರಡು ದಿನ ಅನ್ನೋದು ಸರಿಯಲ್ಲ ಅಂತ ದೊಡ್ಡ ತೋಟದವರೇ ಅಂದ್ರು, ಎಲ್ಲಾ ಪಾಳೀನೂ ಒಂದೊಂದು ದಿನಕ್ಕಿಳಿಸಿ ಒಂಬತ್ತು ದಿನಕ್ಕೆ ಒಂದು ಸುತ್ತು ಮುಗಿಸೋಣ, ಎರಡನೇ ಸುತ್ತು ಎಕರೆ ಲೆಕ್ಕದಲ್ಲಿ ಅಂತ ಆಯ್ತು. ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಅಜ್ಞಾನದ ಪರದೆ ಅಂತ ಬರೆದದ್ದು ಇದನ್ನೇ, ಸಮಾಜದಲ್ಲಿ ತಾನು ಎಲ್ಲಿ ನಿಂತಿರ್ತೀನಿ ಅಂತ ಗೊತ್ತಿಲ್ಲದೆ ನಿಯಮ ಬರೆದ್ರೆ ಆ ನಿಯಮ ನ್ಯಾಯವಾಗಿರತ್ತೆ ಅಂತ. ಅಜ್ಜಿ ಚೀಟಿ ಮಡಿಸಿ ಸ್ಟೀಲ್ ಡಬ್ಬಿಗೆ ಹಾಕಿದ್ರು. ನಮಗೆ ಎಂಟನೇದು ಬಂತು, ನಮ್ಮ ಅರ್ಧ ತೋಟದ ಹೂವು ಆ ವರ್ಷ ಕೈಗೆ ಹತ್ತಲಿಲ್ಲ. ಆದ್ರೂ ಆ ಡಬ್ಬಿ ಬಗ್ಗೆ ನನಗೆ ಬೇಜಾರಿಲ್ಲ.

ಇನ್ನೊಂದು ತೊಡಕು 2025ರಲ್ಲಿ ಬಂತು. ಐದನೇ ತೋಟ ಮಾರಾಟ ಆಗಿ ಹೊಸಬರು ಬಂದ್ರು, ಪುಸ್ತಕ ತಗೊಂಡು ಹೋದ್ರೆ, "ನಾನು ಸಹಿ ಮಾಡಿಲ್ಲ, ಹಳೇ ಓನರ್ ಮಾಡಿದ್ದು ನನಗೆ ಸಂಬಂಧ ಇಲ್ಲ" ಅಂದ್ರು. ಲಾಕ್ ಪ್ರಕಾರ ಜಮೀನು ತಗೊಂಡವನು ಆ ಜಮೀನಿನ ಮೇಲಿರೋ ಬಾಧ್ಯತೆನೂ ತಗೊಂಡಂಗೆ, ಆದ್ರೆ ನಮ್ಮದು ರಾಜ್ಯ ಅಲ್ಲ, ಒಂದು ಲೆಕ್ಕದ ಪುಸ್ತಕ. ಕತ್ತಿ ಇಲ್ಲದ ಒಪ್ಪಂದ ಬರೀ ಮಾತು ಅನ್ನೋ ಹಾಬ್ಸ್‌ನ ಮಾತು ಎದುರಿಗೆ ಬಂದು ನಿಂತಿತು. ಕೆಲವರು, ಅವರಿಗೆ ಯಾರೂ ಪೈಪು ಕೊಡಬಾರದು, ಅವರ ತೋಟಕ್ಕೆ ಆಳು ಹೋಗಬಾರದು, ಮಾತಾಡಿಸಬಾರದು ಅಂತ ತೀರ್ಮಾನ ಮಾಡೋಣ ಅಂದ್ರು. ನಾನು ವಿರೋಧ ಮಾಡ್ದೆ. ಬಹಿಷ್ಕಾರ ಅನ್ನೋದು ನಮ್ಮ ಹಳ್ಳಿಗಳಲ್ಲಿ ಯಾರ ಮೇಲೆ ಬಿದ್ದಿದೆ ಅಂತ ಎಲ್ಲರಿಗೂ ಗೊತ್ತು, ಹೇಳಿದ ಹಾಗೆ ಕೇಳದ ಬಡವರ ಮೇಲೆ, ಆ ಆಯುಧಾನ ಇವತ್ತು ಒಳ್ಳೆ ಕೆಲಸಕ್ಕೆ ಅಂತ ಸಾಣೆ ಹಿಡಿದ್ರೆ ನಾಳೆ ಅದು ಮತ್ತೆ ಲೈನಿನ ಕಡೆಗೇ ತಿರುಗತ್ತೆ. ಸಮಾಜದ ಸಾಮಾನ್ಯ ಇಚ್ಛೆ ಒಪ್ಪದವನನ್ನ ಸ್ವತಂತ್ರನಾಗು ಅಂತ ಬಲವಂತ ಮಾಡ್ಬೇಕಾಗತ್ತೆ ಅಂತ ತತ್ವಜ್ಞಾನಿ ರೂಸೋ 1762ರಲ್ಲಿ ಬರೆದ ಸಾಲು ನನಗೆ ಯಾವತ್ತೂ ಭಯ ಹುಟ್ಸತ್ತೆ. ಆದ್ರೆ ಎಲ್ಲರ ಸ್ವಂತ ಆಸೆಗಳ ಮೊತ್ತ ಬೇರೆ, ಎಲ್ಲರಿಗೂ ಸೇರಿದ ಸಾಮಾನ್ಯ ಇಚ್ಛೆ ಬೇರೆ ಅಂತ ಅವನು ಮಾಡಿದ ವಿಂಗಡಣೆ ಇಲ್ಲದಿದ್ರೆ ನಮ್ಮ ಮೊದಲ ಮೀಟಿಂಗಿಗೂ ಎರಡನೇದಕ್ಕೂ ಇರೋ ವ್ಯತ್ಯಾಸ ನನಗೆ ಹೇಳೋಕೆ ಬರ್ತಿರಲಿಲ್ಲ.

ಕೊನೆಗೆ ಹೊಸಬರ ಹತ್ರ ಒಂದೇ ವಿಷಯ ಕೇಳೋದು ಅಂತ ಆಯ್ತು. ಪಾಳಿಗೆ ಸಹಿ ಮಾಡೋದು ಬಿಡೋದು ನಿಮ್ಮಿಷ್ಟ, ಮಾತಾಡ್ತಾ ಇರೋಣ, ಎರಡಿಂಚಿನ ಪೈಪಿಗೆ ಮಾತ್ರ ನಿಮ್ಮ ಒಪ್ಪಿಗೆ ಕೇಳ್ತಿಲ್ಲ, ಅದು ನಮ್ಮ ಒಪ್ಪಂದದಿಂದ ಬಂದಿದ್ದಲ್ಲ. ಈ ಮಾತನ್ನ ಹೇಳೋಕೆ ಲೈನಿನ ಅಕ್ಕನೂ ಬಂದಿದ್ರು. ಹೊಸಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಗಿ ಅಂದ್ರು. ಮೂರನೇ ದಿನಕ್ಕೆ ನೋಡಿದ್ರೆ ಅವರ ಕಟ್ಟದ ಅಡೀಲಿ ಪೈಪು ಇತ್ತು, ಎರಡಿಂಚಲ್ಲ, ಮೂರಿಂಚಿಂದು. ಸಹಿ ಇವತ್ತಿಗೂ ಮಾಡಿಲ್ಲ, ಆ ಬೇಸಿಗೇಲಿ ಎರಡು ಸಲ ಬೇರೆಯವರ ಪಾಳೀಲಿ ಮೋಟಾರು ಹಾಕಿದ್ರು, ಅದು ಪುಸ್ತಕದಲ್ಲಿ ದಾಖಲಾಗಿದೆ.

ನಾವು ಈಗ್ಲೂ ಬಿಟ್ಟಿರೋದು ಏನು ಅಂತ ಯೋಚನೆ ಮಾಡ್ತಿರ್ತೀನಿ. ನಮ್ಮ ಹಳ್ಳ ಸೇರೋ ದೊಡ್ಡ ಹಳ್ಳದ ದಂಡೇಲೂ ಮನೆಗಳಿವೆ, ಅದರಾಚೆ ಹೇಮಾವತಿ, ಗೊರೂರಿನ ಡ್ಯಾಮು, ಅಲ್ಲಿಂದ ನಾಲೆಗಳು. ಅವರ್ಯಾರನ್ನೂ ನಾವು ಅಂಗಳಕ್ಕೆ ಕರೆದಿಲ್ಲ.

ಪುಸ್ತಕ ಈಗ ನಮ್ಮ ಮನೇಲಿಲ್ಲ, ಲೈನಿನ ನಾಲ್ಕನೇ ಮನೇಲಿದೆ. ಹೈಸ್ಕೂಲಿಗೆ ಹೋಗೋ ಹುಡುಗಿ ಒಬ್ಬಳು ಬೇಸಿಗೇಲಿ ದಿನಾ ಬೆಳಗ್ಗೆ ಒರತೆ ಗುಂಡಿಯಿಂದ ಮೊದಲ ಬಿಂದಿಗೆ ತುಂಬೋಕೆ ಎಷ್ಟು ನಿಮಿಷ ಆಯ್ತು ಅಂತ ಅದರಲ್ಲಿ ಬರೀತಾಳೆ. ಹೆಚ್ಚು ಹೊತ್ತಾದ ದಿನ ನಾವು ಹಳ್ಳದುದ್ದಕ್ಕೂ ಮೇಲಕ್ಕೆ ನಡ್ಕೊಂಡು ಹೋಗಿ ಒಂಬತ್ತೂ ಕಟ್ಟದ ಅಡಿ ಕೈ ಹಾಕಿ ನೋಡ್ತೀವಿ.